ಎನ್‌ಡಿಎ ತರಬೇತಿ ಉಚಿತ, ಕೈಖರ್ಚು ಉಚಿತವಲ್ಲ

ಮಾನ್ಯರೇ,

ಮುಂದಿನ ಸೇನಾಧಿಕಾರಿಗಳಿಗೆ ತರಬೇತಿ ಕೊಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಅಂತಿಮ ಆಯ್ಕೆ ಪಟ್ಟಿ ಹೊರಬಿದ್ದಾಗ ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳ, ಬೆಳಗಾವಿ ಮತ್ತು ಬೆಂಗಳೂರಿನ ರಾಷ್ಟ್ರೀಯ ಮಿಲಿಟರಿ ಶಾಲೆಗಳ ಮಕ್ಕಳ ಫೋಟೊಗಳು ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಬರುತ್ತವೆ. ನೋಡಿ ಮನಸ್ಸು ತುಂಬುತ್ತದೆ. ಆದರೆ ಕೋಚಿಂಗ್ ಕೇಂದ್ರಗಳ ಕರಪತ್ರಗಳಲ್ಲಿ ‘ಸೇರಿದ ದಿನದಿಂದ ಎಲ್ಲವೂ ಉಚಿತ, ಜೊತೆಗೆ ತಿಂಗಳಿಗೆ 56,100 ರೂಪಾಯಿ’ ಎಂಬ ಮಾತೂ ಕಣ್ಣಿಗೆ ಬೀಳುತ್ತದೆ. ಇದನ್ನು ನಂಬಿದ ಕುಟುಂಬಗಳು ಮಗ ಅಥವಾ ಮಗಳು ರೈಲು ಹತ್ತುವ ವಾರದಲ್ಲಿ ಕೈಸಾಲಕ್ಕೆ ಓಡಾಡಬೇಕಾಗುತ್ತದೆ. ಆದ್ದರಿಂದ ಈ ಲೆಕ್ಕವನ್ನು ಬಿಡಿಸಿ ಬರೆಯುತ್ತಿದ್ದೇವೆ.

56,100 ರೂಪಾಯಿ ಸುಳ್ಳಲ್ಲ. ಅದು ಬರುವ ಕಾಲ ಬೇರೆ. ಎನ್‌ಡಿಎ ಇರುವ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಕಳೆಯುವ ಮೂರು ವರ್ಷ, ಅಂದರೆ ಆರು ಟರ್ಮ್, ಕೆಡೆಟ್‌ಗೆ ಸ್ಟೈಪೆಂಡ್ ಇಲ್ಲ. ಭೂಸೇನೆಯ ಕೆಡೆಟ್ ಅಲ್ಲಿಂದ ಹೊರಬಿದ್ದು ಡೆಹ್ರಾಡೂನಿನ ಭಾರತೀಯ ಮಿಲಿಟರಿ ಅಕಾಡೆಮಿ (ಐಎಂಎ) ಸೇರಿದ ಮೇಲಷ್ಟೇ ಅದು ಶುರುವಾಗುತ್ತದೆ. ಪದವಿ ಮುಗಿಸಿ ಸಿಡಿಎಸ್ (ಪದವೀಧರರಿಗಾಗಿ ಇರುವ ಸೇನಾ ಪ್ರವೇಶ) ಪರೀಕ್ಷೆ ಮೂಲಕ ನೇರವಾಗಿ ಐಎಂಎಗೋ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಗೋ (ಒಟಿಎ) ಹೋಗುವವರಿಗೆ ತರಬೇತಿಯ ಆರಂಭದಿಂದಲೇ ಅನ್ವಯ. ಎರಡನ್ನೂ ಒಂದೇ ಸಾಲಿನಲ್ಲಿ ಸೇರಿಸಿ ಬರೆಯುವುದರಿಂದಲೇ ಇಷ್ಟೆಲ್ಲ ಗೊಂದಲ.

ಎನ್‌ಡಿಎಯಲ್ಲಿ ವಸತಿ, ಊಟ, ಪುಸ್ತಕ, ಸಮವಸ್ತ್ರ, ಚಿಕಿತ್ಸೆ ಸರ್ಕಾರದ್ದು. ಕೈಖರ್ಚು ಮತ್ತು ಖಾಸಗಿ ಖರ್ಚು ಪೋಷಕರದ್ದು. ಅದು ಸಾಮಾನ್ಯವಾಗಿ ತಿಂಗಳಿಗೆ 3,000 ರೂಪಾಯಿ ಮೀರುವುದಿಲ್ಲ ಎಂದು ಯುಪಿಎಸ್‌ಸಿ ಅಧಿಸೂಚನೆಯ ಅನುಬಂಧದಲ್ಲೇ ಇದೆ. ಸೇರುವ ದಿನ ಕಟ್ಟಬೇಕಾದ ಠೇವಣಿ ಬೇರೆ. ಐದು ತಿಂಗಳ ಕೈಖರ್ಚು, ಬಟ್ಟೆಬರೆ, ಸಲಕರಣೆ, ಗುಂಪು ವಿಮೆ, ಮೊದಲ ಟರ್ಮ್‌ನ ಸಣ್ಣಪುಟ್ಟ ವೆಚ್ಚ, ಎಲ್ಲ ಸೇರಿ ಇತ್ತೀಚಿನ ವರ್ಷಗಳಲ್ಲಿ ಐವತ್ತು ಸಾವಿರ ರೂಪಾಯಿಯ ಆಸುಪಾಸು. ಮೊತ್ತ ಕೋರ್ಸಿನಿಂದ ಕೋರ್ಸಿಗೆ ಬದಲಾಗುವುದರಿಂದ ಜಾಯಿನಿಂಗ್ ಪತ್ರದಲ್ಲಿರುವುದೇ ಅಂತಿಮ. ಆ ಪತ್ರ ಬಂದ ಮೇಲೆ ಹಣ ಹೊಂದಿಸುತ್ತೇವೆಂದರೆ ಸಮಯ ಸಾಲದು. ಎಸ್‌ಎಸ್‌ಬಿ (ಸೇನೆಯ ಆಯ್ಕೆ ಮಂಡಳಿಯ ಸಂದರ್ಶನ) ಪಾಸಾಗಿ ವೈದ್ಯಕೀಯ ತಪಾಸಣೆ ಮುಗಿದ ದಿನದಿಂದಲೇ ಈ ಹಣವನ್ನು ಬೇರೆ ಇಡಬೇಕು. ಉಳಿದ ಐದು ಟರ್ಮ್‌ಗೆ ತಲಾ 15,000 ಎಂದರೆ 75,000. ರಜೆಯ ಪ್ರಯಾಣವನ್ನೂ ಸೇರಿಸಿದರೆ ಮೂರು ವರ್ಷಕ್ಕೆ ಒಂದೂವರೆ ಲಕ್ಷದ ತಯಾರಿ ಬೇಕು. ಸಂಬಳದಾರರಿಗೆ ಇದು ಕಷ್ಟವಲ್ಲ. ಎರಡು ಎಕರೆ ಒಣಬೇಸಾಯದ ಮನೆಗೆ ಇದು ಬಲು ಭಾರ.

ಅಂಥ ಮನೆಗಳಿಗೆ ಸರ್ಕಾರ ಒಂದು ದಾರಿ ಇಟ್ಟಿದೆ. ತಿಂಗಳ ಆದಾಯ ಸುಮಾರು 21 ಸಾವಿರ ರೂಪಾಯಿಯೊಳಗಿರುವ ಪೋಷಕರು ಕೈಖರ್ಚಿಗೆ ತಿಂಗಳಿಗೆ 1,000 ರೂಪಾಯಿವರೆಗೆ ನೆರವು ಕೇಳಬಹುದು. ಅರ್ಜಿಯನ್ನು ಅಂತಿಮ ಆಯ್ಕೆಯಾದ ಕೂಡಲೇ ಜಿಲ್ಲಾಧಿಕಾರಿಯ ಮೂಲಕ ಸಲ್ಲಿಸಬೇಕು. ಜಿಲ್ಲಾಧಿಕಾರಿ ಶಿಫಾರಸು ಬರೆದು ಖಡಕ್‌ವಾಸ್ಲಾದ ಕಮಾಂಡೆಂಟ್ ಅವರಿಗೆ ಕಳಿಸುತ್ತಾರೆ. ಬಹಳಷ್ಟು ಅರ್ಜಿಗಳು ದಾರಿ ತಪ್ಪುವುದು ಇಲ್ಲೇ. ಪೋಷಕರು ನೇರವಾಗಿ ಅಕಾಡೆಮಿಗೆ ಬರೆಯುತ್ತಾರೆ, ಇಲ್ಲವೇ ಮಗ ಸೇರಿ ನಾಲ್ಕು ತಿಂಗಳಾದ ಮೇಲೆ ನೆನಪಿಸಿಕೊಳ್ಳುತ್ತಾರೆ. ಜಿಲ್ಲಾಧಿಕಾರಿ ಕಚೇರಿಗೂ ಇಂಥ ಅರ್ಜಿ ಅಪರೂಪ. ಯಾವ ಶಾಖೆಗೆ ಹೋಗಬೇಕೆಂದು ತಿಳಿಯದೆ ಟೇಬಲ್ಲಿಂದ ಟೇಬಲ್ಲಿಗೆ ಅಲೆಯುತ್ತದೆ.

ಮಾಡಬೇಕಾದ್ದು ಹೀಗೆ: ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರವನ್ನು ಪರೀಕ್ಷೆಯ ಫಲಿತಾಂಶಕ್ಕೂ ಮೊದಲೇ ಪಡೆದಿಟ್ಟುಕೊಳ್ಳಿ. ಆಯ್ಕೆ ಪಟ್ಟಿಯಲ್ಲಿ ಹೆಸರಿರುವ ಪುಟ, ಪಹಣಿ ಅಥವಾ ಸಂಬಳದ ಚೀಟಿ, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ ನಕಲು ಲಗತ್ತಿಸಿ. ಎಲ್ಲಕ್ಕಿಂತ ಮೇಲೆ, ಯುಪಿಎಸ್‌ಸಿ ಅಧಿಸೂಚನೆಯಲ್ಲಿ ಈ ನೆರವಿನ ವಿಷಯವಿರುವ ಪುಟದ ನಕಲು ಇಟ್ಟು, ‘ಜಿಲ್ಲಾ ಮ್ಯಾಜಿಸ್ಟ್ರೇಟ್ ಮೂಲಕ’ ಎಂಬ ಸಾಲಿನ ಕೆಳಗೆ ಗೆರೆ ಎಳೆಯಿರಿ. ಅರ್ಜಿ ಯಾರ ಕೈಗೆ ಬಂದರೂ ಏನು ಮಾಡಬೇಕೆಂದು ಅವರಿಗೆ ಗೊತ್ತಾಗುತ್ತದೆ. ಟಪಾಲು ವಿಭಾಗದ ಸ್ವೀಕೃತಿ ಸಂಖ್ಯೆ ಪಡೆಯದೆ ಅಲ್ಲಿಂದ ಹೊರಡಬೇಡಿ. ಅದೇ ಅಧಿಸೂಚನೆಯಲ್ಲಿ ಹಲವು ರಾಜ್ಯಗಳ ಮತ್ತು ದತ್ತಿಗಳ ವಿದ್ಯಾರ್ಥಿವೇತನಗಳ ಪಟ್ಟಿಯೂ ಇದೆ. ಅವುಗಳ ಷರತ್ತುಗಳನ್ನು ಕಮಾಂಡೆಂಟ್ ಕಚೇರಿಯಿಂದ ತರಿಸಿಕೊಳ್ಳಬಹುದು. ನಮ್ಮ ಜಿಲ್ಲಾಡಳಿತಗಳು ಈ ಅರ್ಜಿಗೆ ಒಬ್ಬ ನಿಗದಿತ ಸಿಬ್ಬಂದಿಯನ್ನು ಗೊತ್ತುಮಾಡಿ, ಒಂದು ವಾರದೊಳಗೆ ಕಡತ ಮುಂದೆ ಸಾಗುವಂತೆ ನೋಡಿಕೊಳ್ಳಬೇಕೆಂದು ಈ ಪತ್ರದ ಮೂಲಕ ಕೇಳುತ್ತೇವೆ. ಜಿಲ್ಲೆಯೊಂದಕ್ಕೆ ವರ್ಷಕ್ಕೆ ಇಂಥ ಅರ್ಜಿಗಳು ಬೆರಳೆಣಿಕೆಯಷ್ಟು ಬಂದಾವು.

ಹಣಕ್ಕಿಂತ ಮೊದಲು ಸರಿಮಾಡಬೇಕಾದ್ದು ಕಾಗದಪತ್ರ. 16 ವರ್ಷ 6 ತಿಂಗಳಿಗೇ ಅಕಾಡೆಮಿ ಸೇರುವವರಿದ್ದಾರೆ. 18 ತುಂಬುವವರೆಗೆ ಅವರದು ಮೈನರ್ ಖಾತೆ. 18 ತುಂಬಿದಾಗ ಹೊಸ ಸಹಿ, ಫೋಟೊ, ಕೆವೈಸಿ ಕೊಡದಿದ್ದರೆ ವ್ಯವಹಾರ ನಿಂತುಹೋಗುತ್ತದೆ, ಅದೂ ಟರ್ಮ್‌ನ ನಡುವೆ. ಹುಟ್ಟುಹಬ್ಬ ಯಾವ ಟರ್ಮ್‌ನಲ್ಲಿ ಬರುತ್ತದೆ ನೋಡಿಕೊಂಡು ಹಿಂದಿನ ರಜೆಯಲ್ಲೇ ಬ್ಯಾಂಕಿನಲ್ಲಿ ವಿಚಾರಿಸಿಡಿ. ಮೈನರ್ ಆಗಿದ್ದಾಗ ಮಾಡಿಸಿದ ಪ್ಯಾನ್ ಕಾರ್ಡಿನಲ್ಲಿ ಫೋಟೊ, ಸಹಿ ಇರುವುದಿಲ್ಲ; ಅದನ್ನೂ ಬದಲಿಸಿಕೊಳ್ಳಬೇಕು. 15 ವರ್ಷವಾದಾಗ ಆಧಾರ್‌ನ ಬೆರಳಚ್ಚು ನವೀಕರಿಸಿರಬೇಕು. ಎಷ್ಟೋ ಮನೆಗಳಲ್ಲಿ ಇದು ಆಗಿರುವುದಿಲ್ಲ, ಖಾತೆ ತೆರೆಯುವಾಗ ಬೆರಳಚ್ಚು ತಾಳೆಯಾಗದೆ ಕೆಲಸ ನಿಲ್ಲುತ್ತದೆ. ಆಧಾರ್, ಪ್ಯಾನ್, ಹತ್ತನೇ ತರಗತಿ ಅಂಕಪಟ್ಟಿ ಮೂರರಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ. ಇನಿಷಿಯಲ್ ಬರೆಯುವ ನಮ್ಮ ಪದ್ಧತಿಯಿಂದ ಉತ್ತರದ ಬ್ಯಾಂಕುಗಳಲ್ಲಿ ತಕರಾರು ಹೆಚ್ಚು.

ಸಿಮ್ ವಿಷಯವೂ ಹಾಗೆಯೇ. ಮೊದಲ ಟರ್ಮ್‌ಗಳಲ್ಲಿ ಮೊಬೈಲ್ ಬಳಕೆಗೆ ಕಟ್ಟುನಿಟ್ಟಿನ ಮಿತಿ ಇರುತ್ತದೆ. ಹೊರಡುವ ಮೊದಲೇ ವರ್ಷಪೂರ್ತಿಯ ರೀಚಾರ್ಜ್ ಹಾಕಿಸಿದರೆ ಹಣ ದಂಡ. ಹಾಗೆಂದು ಪೂರ್ತಿ ಕೈಬಿಟ್ಟರೆ 90 ದಿನ ಬಳಕೆಯಿಲ್ಲದ ನಂಬರ್ ರದ್ದಾಗಬಹುದು, ಬ್ಯಾಂಕಿನ ಒಟಿಪಿ ಬರುವುದು ಅದೇ ನಂಬರಿಗೆ. ಬ್ಯಾಂಕಿಗೆ ಜೋಡಿಸಿದ ಸಿಮ್‌ನ ರೀಚಾರ್ಜ್ ದಿನಾಂಕವನ್ನು ಮನೆಯವರೇ ಗುರುತು ಹಾಕಿಕೊಂಡು ಅತಿ ಕಡಿಮೆ ದರದ ಪ್ಲಾನ್ ಹಾಕಿಸುತ್ತಿರಲಿ.

ಇನ್ನು ತಿಂಗಳ 3,000. ಸೋಪು, ಪೇಸ್ಟ್, ಶೇವಿಂಗ್ ಸಾಮಾನು, ಬೂಟ್ ಪಾಲಿಶ್, ಹಿತ್ತಾಳೆ ಉಜ್ಜುವ ಬ್ರಾಸೊಗೆ 600, ಫೋನಿಗೆ 300, ಕೆಫೆಟೇರಿಯಾದ ತಿಂಡಿಗೆ 800, ಭಾನುವಾರ ಲಿಬರ್ಟಿ (ಹೊರಹೋಗುವ ಅನುಮತಿ) ಸಿಕ್ಕಾಗ ಪುಣೆಗೆ ಹೋಗಿಬರಲು 500, ಸೈಕಲ್ ಪಂಕ್ಚರ್, ಗುಂಡಿ ಹೊಲಿಗೆ, ಜೆರಾಕ್ಸ್ ಇತ್ಯಾದಿಗೆ 200, ಉಳಿದ 600 ಶೂ ಮತ್ತು ಕಾಲುಚೀಲಕ್ಕೆ ತೆಗೆದಿಡುವುದು. ಪಾಲಿಶ್‌ಗೆ ಇಷ್ಟೊಂದೇ ಎಂದು ಕೇಳಬೇಡಿ. ಡ್ರಿಲ್ ಬೂಟಿನ ಮೂತಿ ಕನ್ನಡಿಯಂತೆ ಹೊಳೆಯಬೇಕು. ಒದ್ದೆ ಹತ್ತಿಯಲ್ಲಿ ತೆಳ್ಳಗೆ ಪಾಲಿಶ್ ಹಚ್ಚಿ, ಸಣ್ಣ ಸುತ್ತುಗಳಲ್ಲಿ ಉಜ್ಜಿ, ಒಣಗಿದ ಮೇಲೆ ಮತ್ತೆ ಹಚ್ಚಿ, ಹೀಗೆ ಪದರದ ಮೇಲೆ ಪದರ ಕೂರಿಸಬೇಕು. ಪರೇಡ್‌ನಲ್ಲಿ ಒಂದು ಗೀರು ಬಿದ್ದರೆ ಪದರ ಎದ್ದುಬರುತ್ತದೆ, ಮತ್ತೆ ಮೊದಲಿನಿಂದ ಶುರು. ಮನೆಯಲ್ಲಿ ವರ್ಷಗಟ್ಟಲೆ ಬರುವ ಡಬ್ಬಿ ಅಲ್ಲಿ ಕೆಲವೇ ವಾರಗಳಲ್ಲಿ ತಳ ಕಾಣುತ್ತದೆ. ಊರಿಂದ ಹೊರಡುವಾಗ ದೊಡ್ಡ ಡಬ್ಬಿಗಳನ್ನು ಸಗಟು ದರದಲ್ಲಿ ಕೊಂಡೊಯ್ದರೆ ಲಾಭ.

ತಿಂಡಿಯ 800 ರೂಪಾಯಿಯೇ ಹೆಚ್ಚು ಸೋರುವ ಜಾಗ. ಮೆಸ್ ಊಟ ಹೊಟ್ಟೆತುಂಬ ಇರುತ್ತದೆ. ಆದರೂ ಬೆಳಗಿನ ಪಿಟಿ, ಡ್ರಿಲ್, ತರಗತಿ, ಸಂಜೆಯ ಆಟದ ನಡುವೆ ಹದಿನೇಳರ ಹುಡುಗನಿಗೆ ಹಸಿವಾಗುತ್ತಲೇ ಇರುತ್ತದೆ. ಒಂದು ಪ್ಲೇಟ್ ಮ್ಯಾಗಿ, ಒಂದು ಕೋಲ್ಡ್ ಕಾಫಿ, ಯುಪಿಐಯಲ್ಲಿ ಹೋದ ಆ ದುಡ್ಡು ಲೆಕ್ಕಕ್ಕೇ ಸಿಗುವುದಿಲ್ಲ. ಸ್ಕ್ವಾಡ್ರನ್‌ನಲ್ಲಿ (ಕೆಡೆಟ್‌ಗಳು ಒಟ್ಟಿಗೆ ವಾಸಿಸುವ ತಂಡ) ಕೋಣೆಯಲ್ಲಿ ತಿಂಡಿ ಇಡಲು ಅನುಮತಿ ಇದೆಯೇ ಎಂದು ಮೊದಲು ಕೇಳಿ. ಇದ್ದರೆ ಗೋಕಾಕದ ಕರದಂಟು, ಹುರಿದ ಶೇಂಗಾ, ರವೆ ಉಂಡೆ ಕಟ್ಟಿಕೊಡಿ. ವಾರಗಟ್ಟಲೆ ಕೆಡದೆ ಇರುವ ಇವು ಹಸಿವಿಗೂ ಆಗುತ್ತವೆ, ಜೇಬಿಗೂ ಹಿತ.

ಶೂ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಓಟದ ಶೂ ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಅಟ್ಟೆಯ ಮಧ್ಯದ ಮೆತ್ತೆ ಮೊದಲು ಸಾಯುತ್ತದೆ. ಹಿಮ್ಮಡಿಯ ಬದಿಯಲ್ಲಿ ಅಡ್ಡ ಸುಕ್ಕು ಬಿದ್ದಿದ್ದರೆ, ಹೆಬ್ಬೆರಳಿನಿಂದ ಒತ್ತಿದಾಗ ಮೆತ್ತೆ ಮರಳಿ ಉಬ್ಬದಿದ್ದರೆ ಆ ಶೂ ಮುಗಿದಂತೆ. ಅದರಲ್ಲೇ ಕ್ರಾಸ್‌ಕಂಟ್ರಿ ಓಡುತ್ತ ಹೋದರೆ ಮೊಣಕಾಲ ಕೆಳಗಿನ ಮೂಳೆಯ ನೋವು ಶುರುವಾಗಿ ಸ್ಟ್ರೆಸ್ ಫ್ರ್ಯಾಕ್ಚರ್‌ವರೆಗೆ ಹೋಗುತ್ತದೆ. ತಿಂಗಳ 600ರಂತೆ ಐದು ತಿಂಗಳಿಗೆ 3,000 ಆಗುತ್ತದೆ, ಟರ್ಮ್‌ಗೆ ಒಂದು ಒಳ್ಳೆಯ ಜೊತೆ ಬರುತ್ತದೆ. ಅರ್ಧ ಸೈಜ್ ದೊಡ್ಡದು ಕೊಳ್ಳಿ, ರಜೆಯಲ್ಲೇ ಹಾಕಿ ಪಳಗಿಸಿ, ಎರಡು ಜೊತೆಯನ್ನು ಅದಲುಬದಲಾಗಿ ಬಳಸಿ. ಮೂಳೆ ಬಿರುಕಿನಿಂದ ಬಹಳ ದಿನ ತರಬೇತಿ ತಪ್ಪಿ ಕೆಡೆಟ್ ರೆಲಿಗೇಟ್ ಆದರೆ (ಹಿಂದಿನ ಟರ್ಮ್‌ಗೆ ಇಳಿದರೆ) ಆರು ತಿಂಗಳು ಹಿಂದೆ ಬೀಳುತ್ತಾನೆ. ಆರು ತಿಂಗಳ ಸ್ಟೈಪೆಂಡ್ ಲೆಕ್ಕದಲ್ಲೇ 3,36,600 ರೂಪಾಯಿ ದೂರ ಸರಿಯಿತು, ಮನೆಯಿಂದ ಮತ್ತೊಂದು ಟರ್ಮ್‌ನ ಕೈಖರ್ಚು ಹೋಯಿತು, ವಿಮೆಗೆ ಹೆಚ್ಚುವರಿ ಕಂತು ಬಂತು, ಸೀನಿಯಾರಿಟಿಯೂ ಕೈತಪ್ಪಿತು.

2022ರಿಂದ ಹೆಣ್ಣುಮಕ್ಕಳೂ ಎನ್‌ಡಿಎ ಸೇರುತ್ತಿದ್ದಾರೆ; 17 ಮಂದಿಯ ಮೊದಲ ತಂಡ 2025ರ ಮೇ 30ರಂದು ಪಾಸಾಗಿ ಹೊರಬಂತು. ಅವರ ತಿಂಗಳ ಲೆಕ್ಕಕ್ಕೆ ಸ್ಯಾನಿಟರಿ ಪ್ಯಾಡ್, ಓಟಕ್ಕೆ ಒಗ್ಗುವ ಒಳಉಡುಪು, ಕೂದಲಿನ ನೆಟ್ ಮತ್ತು ಪಿನ್ನುಗಳನ್ನು ಸೇರಿಸಲೇಬೇಕು. ಗುಣಮಟ್ಟದ ಸ್ಪೋರ್ಟ್ಸ್ ಬ್ರಾಗಳಿಗೆ ದರ ಹೆಚ್ಚು. ಹೊರಡುವಾಗಲೇ ಆರೇಳು ಕೊಂಡು ಕೊಡುವುದು ಲೇಸು. ಮಗಳು ಫೋನಿನಲ್ಲಿ ಅಪ್ಪನ ಹತ್ತಿರ ಕೇಳಲು ಹಿಂಜರಿಯುವ ಖರ್ಚುಗಳಿವು, ಅಮ್ಮ ಮೊದಲೇ ಲೆಕ್ಕ ಹಾಕಿಡಲಿ.

ಹಣ ಕಳಿಸುವ ರೀತಿ ಮುಖ್ಯ. ಟರ್ಮ್‌ನ 15,000ವನ್ನು ಒಟ್ಟಿಗೆ ಹಾಕಿದರೆ ಮೊದಲ ಆರು ವಾರದಲ್ಲಿ ಮುಗಿಯುತ್ತದೆ. ಪ್ರತಿ ತಿಂಗಳ 1ನೇ ತಾರೀಖಿಗೆ 2,400 ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟು, ಶೂಗಳ 600ನ್ನು ಮನೆಯಲ್ಲೇ ಬೇರೆ ಖಾತೆಯಲ್ಲಿ ಕೂಡಿಡಿ. ಯುಪಿಐ ಜೋಡಿಸುವುದು ಈ 2,400ರ ಖಾತೆಗೆ ಮಾತ್ರ. ಹೆಚ್ಚು ಕಳಿಸಿದರೂ ತೊಂದರೆಯೇ: ಕೈಯಲ್ಲಿ ದುಡ್ಡಿದೆ ಎಂದು ಗೊತ್ತಾದವನ ಬಳಿ ಸಹಪಾಠಿಗಳ ಹುಟ್ಟುಹಬ್ಬ, ಸ್ಕ್ವಾಡ್ರನ್ ಟಿ-ಶರ್ಟ್, ಟರ್ಮ್ ಕೊನೆಯ ಪಾರ್ಟಿ, ಎಲ್ಲದಕ್ಕೂ ಮುಂಗಡ ಕೇಳುತ್ತಾರೆ. ಕೊಟ್ಟವನು ಬಿಗಿದ ಸ್ನೇಹದಲ್ಲಿ ವಾಪಸ್ ಕೇಳಲಾರ. ಕೊಟ್ಟದ್ದು, ಪಡೆದದ್ದು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಟರ್ಮ್ ಮುಗಿಯುವ ಹಿಂದಿನ ವಾರ ಚುಕ್ತಾ ಮಾಡಿಕೊಳ್ಳುವುದು ಎಲ್ಲರಿಗೂ ಕ್ಷೇಮ. ಸಾಲದ ಆ್ಯಪ್‌ಗಳ ಹತ್ತಿರ ಸುಳಿಯಲೇಬಾರದು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಕೆಡೆಟ್‌ಗೆ ಹಣದ ಜೊತೆ ಶಿಸ್ತುಕ್ರಮದ ಭಯವೂ ಇದೆ.

ಪೋಷಕರಿಗೆ ಇನ್ನೊಂದು ಎಚ್ಚರಿಕೆ. ‘ನಿಮ್ಮ ಮಗನಿಗೆ ಅಪಘಾತವಾಗಿದೆ, ಆಪರೇಷನ್‌ಗೆ ತಕ್ಷಣ ಹಣ ಹಾಕಿ’ ಎಂದು ಕರೆ ಬಂದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕೆಡೆಟ್‌ಗೆ ಚಿಕಿತ್ಸೆ ಮಿಲಿಟರಿ ಆಸ್ಪತ್ರೆಯಲ್ಲಿ, ಖರ್ಚು ಸರ್ಕಾರದ್ದು. ಮಗನ ಫೋನ್ ಬಂದ್ ಇರುವ ಸಮಯವೇ ವಂಚಕನಿಗೆ ಅನುಕೂಲ. ಸ್ಕ್ವಾಡ್ರನ್ ಕಚೇರಿಯ ಮತ್ತು ಮಗನ ಉಸ್ತುವಾರಿ ನೋಡುವ ಡಿವಿಷನಲ್ ಆಫೀಸರ್ ನಂಬರ್ ಬರೆದಿಟ್ಟುಕೊಂಡು ಅಲ್ಲಿಗೆ ಕರೆ ಮಾಡಿ. ಹಣ ಹೋಗಿಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಡಿ.

ಪ್ರಯಾಣದಲ್ಲಿ ಉಳಿಸುವುದು ಸುಲಭ. ಟರ್ಮ್‌ಗಳು ಮೇ ಕೊನೆಗೆ ಮತ್ತು ನವೆಂಬರ್ ಕೊನೆಗೆ ಮುಗಿಯುತ್ತವೆ, ರೈಲ್ವೆ ಬುಕಿಂಗ್ ತೆರೆಯುವುದು 60 ದಿನ ಮೊದಲು. ಎಂದರೆ ಏಪ್ರಿಲ್ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲೇ ಮನೆಯವರು ಟಿಕೆಟ್ ಮಾಡಿಸಬೇಕು. ಕೆಡೆಟ್ ಮಾಡಿಸುತ್ತಾನೆಂದು ಕಾಯಬೇಡಿ. ಕಲಬುರಗಿ, ರಾಯಚೂರು ಕಡೆಯವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ಬೆಳಗಾವಿ, ಧಾರವಾಡ, ಹುಬ್ಬಳ್ಳಿಗೆ ವಂದೇ ಭಾರತ್ ಇದ್ದರೂ ಸ್ಲೀಪರ್ ಟಿಕೆಟ್‌ನ ಎಷ್ಟೋ ಪಟ್ಟು ದರ. ದಿನಾಂಕ ಒಂದೆರಡು ದಿನ ಆಚೀಚೆ ಆಗುವ ಸಂಭವ ಇದ್ದರೆ ರದ್ದತಿ ಶುಲ್ಕ ಕಡಿಮೆಯಿರುವ ಸ್ಲೀಪರ್‌ನಲ್ಲಿ ಎರಡು ದಿನಕ್ಕೆ ಮಾಡಿಸಿಟ್ಟರೂ ತತ್ಕಾಲ್‌ಗಿಂತ ಅಗ್ಗ.

ಸೇರುವಾಗ ಪೋಷಕರು ಸಹಿ ಹಾಕುವ ಬಾಂಡ್ ಓದಿ ನೋಡಿ. ತನ್ನ ಕೈಯಲ್ಲಿದ್ದ ಕಾರಣಕ್ಕೆ ಕೆಡೆಟ್ ತರಬೇತಿ ಬಿಟ್ಟು ಬಂದರೆ ಶಿಕ್ಷಣ, ಊಟ, ಬಟ್ಟೆಯ ಖರ್ಚನ್ನು ಸರ್ಕಾರಕ್ಕೆ ಮರಳಿಸಬೇಕಾಗುತ್ತದೆ, ಅದು ದಿನದಿಂದ ದಿನಕ್ಕೆ ಬೆಳೆಯುವ ಮೊತ್ತ. ಗುಂಪು ವಿಮೆಯ ನಾಮಿನಿ ಅರ್ಜಿಯ ನಕಲೊಂದು ಮನೆಯಲ್ಲಿರಲಿ. ತರಬೇತಿಯಲ್ಲಿ ಗಾಯಗೊಂಡು ವೈದ್ಯಕೀಯ ಕಾರಣಕ್ಕೆ ಹೊರಬಿದ್ದವರ ಪಾಡನ್ನು 2025ರಲ್ಲಿ ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಅಂಥ ಸಂದರ್ಭದಲ್ಲಿ ಕುಟುಂಬಕ್ಕೆ ಆಧಾರವಾಗುವ ಕೆಲವೇ ಕಾಗದಗಳಲ್ಲಿ ಈ ವಿಮೆಯ ನಕಲೂ ಒಂದು.

ಕೊನೆಯದಾಗಿ ಐಎಂಎ ವರ್ಷ. ಮೂರು ವರ್ಷ ಮನೆಯ ಹಣದಲ್ಲಿ ಬಿಗಿಯಾಗಿದ್ದ ಹುಡುಗನ ಖಾತೆಗೆ ಒಮ್ಮೆಲೇ ತಿಂಗಳಿಗೆ 56,100 ಬೀಳುತ್ತದೆ, ವರ್ಷಕ್ಕೆ 6,73,200. ಮೆಸ್, ವಿಮೆ, ಬಟ್ಟೆಯ ಕಡಿತಗಳು ಕಳೆದರೂ ತಿಂಗಳಿಗೆ 20,000ದ ಆರ್‌ಡಿ ಕಟ್ಟಲು ತೊಂದರೆಯಿಲ್ಲ. ಸ್ಟೈಪೆಂಡ್ ಬಂದ ಮರುದಿನವೇ ಅದು ಕಡಿತವಾಗುವಂತೆ ಇಡಬೇಕು. ಖಾತೆಯ ಕೆಲಸಗಳು ಮುಗಿದು ಮೊದಲ ಸ್ಟೈಪೆಂಡ್ ಕೈಸೇರಲು ತಡವಾಗಬಹುದು, ಹಾಗಾಗಿ ಡೆಹ್ರಾಡೂನಿಗೆ ಹೋಗುವಾಗ ಎರಡು ತಿಂಗಳ ಖರ್ಚಿನ ಹಣ ಜೊತೆಗಿರಲಿ.

ಕೊನೆಯ ಟರ್ಮ್‌ನಲ್ಲಿ ಬ್ಯಾಂಕುಗಳು ಕೆಡೆಟ್‌ಗಳಿಗೆ ಜಾಮೀನಿಲ್ಲದ ಪರ್ಸನಲ್ ಲೋನ್ ಕೊಡಲು ಮುಂದೆ ಬರುತ್ತವೆ. ಕೋರ್ಸಿನವರೆಲ್ಲ ತೆಗೆದುಕೊಳ್ಳುತ್ತಿದ್ದಾರೆ ಎಂದು ಸಹಿ ಹಾಕಿ, ಬೈಕೋ ಕಾರೋ ಕೊಂಡುಬಿಡುತ್ತಾರೆ. 5 ಲಕ್ಷವನ್ನು ಶೇ 11ರ ಬಡ್ಡಿಗೆ 5 ವರ್ಷಕ್ಕೆ ಪಡೆದರೆ ತಿಂಗಳ ಕಂತು 10,871 ರೂಪಾಯಿ. ಬಡ್ಡಿಯೇ ಒಂದೂವರೆ ಲಕ್ಷ ದಾಟುತ್ತದೆ. ಬಡ್ಡಿಗಿಂತ ಕಂತು ಶುರುವಾಗುವ ಸಮಯದ ಪೆಟ್ಟು ದೊಡ್ಡದು. ಕಮಿಷನ್ ಆದ ಮೇಲೆ, ಅಂದರೆ ಅಧಿಕಾರಿಯಾದ ಮೇಲೆ, ಸಂಬಳ ಸೇನಾಧಿಕಾರಿಗಳ ವೇತನದ ಲೆಕ್ಕ ನೋಡುವ ಪುಣೆಯ ಪಿಸಿಡಿಎ ಕಚೇರಿಗೆ ವರ್ಗವಾಗುತ್ತದೆ. ಹೊಸ ಲೆಫ್ಟಿನೆಂಟನ ಖಾತೆ ಅಲ್ಲಿ ತೆರೆದು, ಯೂನಿಟ್ ಸೇರಿದ ವರದಿ ತಲುಪಿ, ಪೂರ್ಣ ಸಂಬಳ ಹಳಿಗೆ ಬರಲು ಎರಡು ಮೂರು ತಿಂಗಳು ಹಿಡಿದರೂ ಅಚ್ಚರಿಯಿಲ್ಲ. ಅಷ್ಟರಲ್ಲಿ ಕಂತು ಬೌನ್ಸ್ ಆಗಿ ದಂಡ ಬೀಳುತ್ತದೆ, ಸಿಬಿಲ್ ಸ್ಕೋರ್ ಕುಸಿಯುತ್ತದೆ. ಆರ್‌ಡಿಯಲ್ಲಿ ಉಳಿಸಿದ ಹಣದಲ್ಲಿ ಒಂದು ಲಕ್ಷವನ್ನು ಈ ನಡುಗಾಲಕ್ಕೆಂದೇ ಮುಟ್ಟದೆ ಇಡಬೇಕು. ಜೂನ್ ಮತ್ತು ಡಿಸೆಂಬರಿನ ಪಾಸಿಂಗ್ ಔಟ್ ಪರೇಡ್‌ಗೆ ಅಪ್ಪ ಅಮ್ಮ ಡೆಹ್ರಾಡೂನಿಗೆ ಬರುವ ಖರ್ಚೂ ಇದರಲ್ಲೇ ಆಗಬೇಕು. ಆ ವಾರ ಅಲ್ಲಿನ ಹೋಟೆಲ್ ದರ ಏರಿರುತ್ತದೆ, ಎರಡು ತಿಂಗಳು ಮೊದಲೇ ಕಾಯ್ದಿರಿಸಿ.

ಸಮವಸ್ತ್ರ ಹೊಲಿಸುವಾಗಲೂ ಅವಸರ ಬೇಡ. ಗುಂಡಿ, ಲ್ಯಾನ್‌ಯಾರ್ಡ್ (ಹೆಗಲಿನ ಹುರಿ), ಬೆರೆ ಟೊಪ್ಪಿಗೆಯ ಬಣ್ಣ ರೆಜಿಮೆಂಟಿನಿಂದ ರೆಜಿಮೆಂಟಿಗೆ ಬೇರೆ. ಯಾವ ಯೂನಿಟ್ ಎಂದು ಖಚಿತವಾಗುವ ಮೊದಲೇ ದರ್ಜಿ ಹೇಳಿದ ‘ಪೂರ್ತಿ ಸೆಟ್’ ಹೊಲಿಸಿದವರು ಅರ್ಧವನ್ನು ಪೆಟ್ಟಿಗೆಯಲ್ಲೇ ಇಟ್ಟಿದ್ದಾರೆ. ಪರೇಡ್‌ಗೆ ಮತ್ತು ಮೊದಲ ತಿಂಗಳಿಗೆ ಬೇಕಾದಷ್ಟು ಹೊಲಿಸಿ, ಉಳಿದದ್ದನ್ನು ಯೂನಿಟ್‌ನ ಆಡಳಿತ ನೋಡುವ ಅಧಿಕಾರಿ ಅಡ್ಜುಟಂಟ್ ಅವರನ್ನು ಕೇಳಿಕೊಂಡು ಮಾಡಿಸಬಹುದು. ಅಧಿಕಾರಿಗಳಿಗೆ ವರ್ಷಕ್ಕೊಮ್ಮೆ ಡ್ರೆಸ್ ಅಲೊಯನ್ಸ್ (2024ರಿಂದ 25,000 ರೂಪಾಯಿ) ಜುಲೈ ಸಂಬಳದ ಜೊತೆ ಬರುತ್ತದೆ, ಆ ಖರ್ಚಿಗೆ ಅದನ್ನೇ ಬಳಸಲಿ.

ಇಂತಿ,
ಕೆಡೆಟ್‌ಗಳ ಪೋಷಕರು ಮತ್ತು ನಿವೃತ್ತ ಸೈನಿಕರ ಪರವಾಗಿ,
ಬೆಳಗಾವಿ